ಕಾರಿನ ಸನ್‌ರೂಫ್ ಸೋರುತ್ತಿದೆ: ಸಿಲಿಕೋನ್ ಹಚ್ಚಿಸಲಾ, ಪೂರ್ತಿ ಬದಲಿಸಲಾ?

ಸದ್ಯಕ್ಕೆ ಎರಡೂ ಬೇಡ. ಬ್ರೇಕ್ ಹಾಕಿದಾಗ ಕ್ಯಾಬಿನ್ ಲೈಟಿನ ಪಕ್ಕದಿಂದ ನೀರು ಸುರಿಯುತ್ತದೆ, ಡ್ರೈವರ್ ಕಾಲಡಿಯ ಮ್ಯಾಟ್ ಒದ್ದೆಯಾಗಿದೆ, ಕಾರಿಗೆ ನಾಲ್ಕು ವರ್ಷ ಅಂತ ಬರೆದಿದ್ದೀರಿ. ಇಷ್ಟು ಕೇಳಿದರೆ ನನ್ನ ಮೊದಲ ಅನುಮಾನ ಡ್ರೈನ್ ಪೈಪ್ ಮೇಲೆ. ಅದನ್ನು ನೋಡದೆಯೇ ಸರ್ವೀಸ್ ಸೆಂಟರ್‌ನವರು ಅಸೆಂಬ್ಲಿ, ಅಂದರೆ ಇಡೀ ಸನ್‌ರೂಫ್ ಸೆಟ್ಟನ್ನೇ, ಪೂರ್ತಿ ಬದಲಿಸಬೇಕು ಅಂದಿದ್ದರೆ ಅವರಿಗೆ ಬೇಡ ಅನ್ನಿ. ಸಿಲಿಕೋನ್ ಹಚ್ಚಿಕೊಡ್ತೀನಿ ಅಂದ ಗ್ಯಾರೇಜಿನವರಿಗೂ ಅಷ್ಟೇ.

ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಜೋರು ಮಳೆ ಬಂದರೆ ಹೊಸ ಕಾರಿನಲ್ಲೂ ಸ್ವಲ್ಪ ನೀರು ಬೀಡಿಂಗ್ ದಾಟಿ ಒಳಗೆ ಇಳಿಯುತ್ತದೆ. ಅದಕ್ಕೆಂದೇ ಗಾಜಿನ ಅಂಚಿನ ಕೆಳಗೆ ಒಂದು ಟ್ರೇ ಇಟ್ಟಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಆ ಟ್ರೇಯ ನಾಲ್ಕು ಮೂಲೆಗೂ ಒಂದೊಂದು ತೂತು, ತೂತಿಗೆ ಒಂದು ಸಣ್ಣ ಪೈಪು. ಮುಂದಿನ ಎರಡು ಪೈಪು ಮುಂಗಾಜಿನ ಅಕ್ಕಪಕ್ಕದ ಪಿಲ್ಲರ್ ಒಳಗೆ ಇಳಿದು, ಮುಂದಿನ ಬಾಗಿಲಿನ ಹಿಂಜ್ ಹತ್ತಿರವೋ ಫೆಂಡರ್ ಒಳಗೋ ನೀರು ಬಿಡುತ್ತವೆ. ಹಿಂದಿನ ಎರಡು ಹಿಂದಿನ ಚಕ್ರ ಅಥವಾ ಬಂಪರ್ ಕಡೆಗೆ ಹೋಗುತ್ತವೆ. ತಾರಸಿಯಲ್ಲಿ ನೀರು ನಿಂತರೆ ಮಳೆನೀರಿನ ಪೈಪಿಗೆ ಎಲೆ ಸಿಕ್ಕಿದೆಯಾ ಅಂತ ಮೊದಲು ನೋಡುತ್ತೀವಲ್ಲ, ಇಲ್ಲೂ ಅದೇ. ಪೈಪು ಕಟ್ಟಿದರೆ ಟ್ರೇ ತುಂಬುತ್ತದೆ. ಬ್ರೇಕ್ ಹಾಕಿದಾಗ ಆ ನೀರು ಮುಂದಕ್ಕೆ ನುಗ್ಗಿ, ತಲೆ ಮೇಲಿನ ಬಟ್ಟೆಯೊಳಗೆ ಇಳಿದು, ಲೈಟಿನ ಸಂದಿಯಿಂದ ಸುರಿಯುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು.

ಪರೀಕ್ಷೆ ಸುಲಭ. ಸನ್‌ರೂಫ್ ಪೂರ್ತಿ ತೆರೆಯಿರಿ. ಸ್ಟೂಲ್ ಮೇಲೆ ನಿಂತು ಮೊಬೈಲ್ ಟಾರ್ಚ್ ಹಿಡಿದರೆ ಮುಂದಿನ ಎರಡು ಮೂಲೆಯ ತೂತು ಕಾಣುತ್ತವೆ, ಪೆನ್ಸಿಲ್ ದಪ್ಪ ಇರುತ್ತವೆ ಅಷ್ಟೇ. ನೀರಿನ ಬಾಟಲಿಯಿಂದ ಅರ್ಧ ಲೋಟದಷ್ಟು ನೀರನ್ನು ನಿಧಾನವಾಗಿ ಅಲ್ಲಿಗೆ ಬಿಡಿ. ಇನ್ನೊಬ್ಬರು ಕೆಳಗೆ ಕೂತು ಮುಂದಿನ ಚಕ್ರದ ಹಿಂದೆ ನೋಡಲಿ. ಕೆಲವೇ ಸೆಕೆಂಡಿನಲ್ಲಿ ನೀರು ತೊಟ್ಟಿಕ್ಕಬೇಕು. ಮೇಲೆ ನೀರು ನಿಂತೇ ಇದ್ದರೆ ಕಳ್ಳ ಸಿಕ್ಕ. ಹಿಂದಿನ ತೂತುಗಳು ಎಷ್ಟೋ ಕಾರುಗಳಲ್ಲಿ ಕೈಗೆ ಸಿಗುವುದಿಲ್ಲ, ಅವನ್ನು ಮೆಕ್ಯಾನಿಕ್‌ಗೆ ಬಿಡಿ. ಪ್ರೆಶರ್ ವಾಷರ್ ಹಿಡಿದು ಟೆಸ್ಟ್ ಮಾಡಲು ಬಿಡಬೇಡಿ. ಆ ರಭಸಕ್ಕೆ ಸರಿಯಿರುವ ಸನ್‌ರೂಫ್ ಕೂಡ ಸೋರಬಹುದು.

ನಮ್ಮ ಕಾರು ನಿಲ್ಲುವುದು ಬೆಂಗಳೂರಿನಲ್ಲಿ ಒಂದು ಹೊಂಗೆ ಮರದ ಕೆಳಗೆ. ಬೇಸಿಗೆಯಲ್ಲಿ ಹೊಂಗೆ ಹೂವು ಉದುರುವುದನ್ನು ನೋಡಿದ್ದೀರಲ್ವಾ, ಅಕ್ಕಿ ಚೆಲ್ಲಿದ ಹಾಗೆ ಬಾನೆಟ್ ತುಂಬ ಬಿದ್ದಿರುತ್ತದೆ. ಅದು ಬೀಡಿಂಗ್ ಸಂದಿಯಲ್ಲಿ ನುಸುಳಿ ಟ್ರೇಗೆ ಇಳಿಯುತ್ತದೆ. ರಸ್ತೆಯ ಧೂಳು ಸೇರಿ, ಮೇ ತಿಂಗಳ ಮೊದಲ ಮಳೆಗೆ ನೆನೆದು ಕೆಸರಾಗುತ್ತದೆ. ನಮ್ಮ ಕಾರಿನ ಪೈಪಿನಿಂದ ಹೊರಬಂದದ್ದು ಕಪ್ಪಗೆ, ಗಂಜಿಯಂತೆ ಲೋಳೆ ಲೋಳೆ. ಬೆರಳಲ್ಲಿ ಉಜ್ಜಿದರೆ ಹೂವಿನ ತೊಟ್ಟು ಕೈಗೆ ಸಿಗುತ್ತಿತ್ತು. ಮಳೆಮರ, ಗುಲ್‌ಮೊಹರ್ ಕೆಳಗೆ ನಿಲ್ಲಿಸುವವರ ಪಾಡೂ ಇದೇ, ಅವುಗಳ ಎಲೆಯೇ ಅಷ್ಟು ಚಿಕ್ಕದು.

ಸ್ವಚ್ಛ ಮಾಡುವುದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್‌ಗೆ ಹಾಕುವ ನೈಲಾನ್ ದಾರ ಕೇಳಿ. 2 ಮಿಲಿಮೀಟರ್ ದಪ್ಪದ್ದು ಸಾಕು. ತುದಿಯನ್ನು ಲೈಟರ್‌ಗೆ ಹಿಡಿದು ದುಂಡಗೆ ಮಾಡಿಕೊಂಡು, ತೂತಿನೊಳಗೆ ತಿರುಗಿಸುತ್ತಾ ಮೆಲ್ಲಗೆ ತಳ್ಳಿ. ತಡೆದರೆ ಹಿಂದೆಳೆದು ಮತ್ತೆ ತಳ್ಳಿ, ಬಲ ಹಾಕಬೇಡಿ. ಕಬ್ಬಿಣದ ತಂತಿ ಬೇಡ, ಪೈಪು ತೂತಾಗುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್ ಅಂತೂ ಬೇಡವೇ ಬೇಡ. ಎಷ್ಟೋ ಜನ ಮೊದಲು ಮಾಡಿಸುವುದು ಅದನ್ನೇ. ಆ ಗಾಳಿಯ ಹೊಡೆತಕ್ಕೆ ಪೈಪು ಟ್ರೇಯ ಮೂತಿಯಿಂದ ಕಳಚಿಕೊಂಡರೆ ನೀರೆಲ್ಲ ನೇರ ಕಾರೊಳಗೇ ಬೀಳುತ್ತದೆ. ಕೆಲವು ಕಾರುಗಳಲ್ಲಿ ಪೈಪಿನ ಕೆಳತುದಿಗೆ ಸೀಳಿದ ಬಾಯಿಯ ರಬ್ಬರ್ ಮುಚ್ಚಳ ಇರುತ್ತದೆ. ಮಣ್ಣು ಕಟ್ಟುವುದು ಜಾಸ್ತಿ ಅಲ್ಲೇ, ಅದನ್ನು ಬೆರಳಲ್ಲಿ ಹಿಸುಕಿ ತೊಳೆಯಿರಿ.

ಪೈಪು ಸರಿಯಾಗಿದ್ದೂ ಸೋರಿದರೆ? ಗಾಜು ರೂಫಿನ ಮಟ್ಟಕ್ಕೆ ಕೂತಿದೆಯಾ ಕೈ ಆಡಿಸಿ ನೋಡಿ. ಬೀಡಿಂಗ್ ಬಿರುಕು ಬಿಟ್ಟಿದ್ದರೆ ಅದೊಂದನ್ನೇ ಬದಲಿಸಲು ಆಗುತ್ತಾ ಕೇಳಿ. ಇನ್ನೊಂದು ಮಾತು, ಕಾಲಡಿ ಒದ್ದೆಯಾದರೆ ತಪ್ಪು ಯಾವಾಗಲೂ ಸನ್‌ರೂಫಿನದೇ ಅಂತಲ್ಲ. ಮಳೆ ಇಲ್ಲದ ದಿನವೂ ಎಸಿ ಹಾಕಿದಾಗ ಒದ್ದೆಯಾದರೆ ಎಸಿಯ ಡ್ರೈನ್ ಕಟ್ಟಿದೆ. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಎಂಜಿನ್ ತಂಪು ಮಾಡುವ ದ್ರವ.

ಸಿಲಿಕೋನ್ ಬಗ್ಗೆ ನನ್ನ ಅಭಿಪ್ರಾಯ ಖಡಕ್. ಗಾಜನ್ನು ಅಂಟಿಸಿಬಿಟ್ಟರೆ ಆಮೇಲೆ ಯಾರಾದರೂ ಮರೆತು ಬಟನ್ ಒತ್ತಿದಾಗ ಮೋಟರ್ ಒದ್ದಾಡುತ್ತದೆ. ಕಟ್ಟಿದ ಪೈಪು ಕಟ್ಟಿಕೊಂಡೇ ಇರುತ್ತದೆ. ಎಲ್ಲೋ ಒಂದು ಕಡೆ ಅಂಟು ಬಿಟ್ಟ ದಿನ ಮತ್ತೆ ಅದೇ ಕಥೆ, ಜೊತೆಗೆ ಆ ಅಂಟನ್ನು ಕೆರೆಯುವ ಕೂಲಿ ಬೇರೆ. 2023ರಲ್ಲಿ ಒಂದು ಎಸ್‌ಯುವಿಯನ್ನು ಜಲಪಾತದ ಕೆಳಗೆ ನಿಲ್ಲಿಸಿ, ಒಳಗೆ ನೀರು ಸುರಿಯುವುದನ್ನು ತೋರಿಸಿದ ವಿಡಿಯೊ ಎಲ್ಲ ಕಡೆ ಓಡಾಡಿತಲ್ಲ, ಅದನ್ನು ನೋಡಿ ಹೆದರಿದವರು ಹೀಗೆ ಅಂಟು ಹಾಕಿಸಲು ಓಡುತ್ತಾರೆ. ಸನ್‌ರೂಫ್ ಮಾಡಿರುವುದು ಮಳೆಗೆ, ಜೋಗದ ಕೆಳಗೆ ನಿಲ್ಲಿಸುವುದಕ್ಕಲ್ಲ.

ಸೋರುವುದು ನಿಂತರೂ ಕೆಲಸ ಮುಗಿಯಲಿಲ್ಲ. ಕಾರ್ಪೆಟ್ ಕೆಳಗೆ ದಪ್ಪನೆಯ ಫೋಮ್ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒತ್ತಿದರೆ ನೀರು ಉಕ್ಕುತ್ತದೆ. ಹಾಗೇ ಬಿಟ್ಟರೆ ಮುಗ್ಗಲು ವಾಸನೆ, ಬೂಷ್ಟು, ಆಮೇಲೆ ಕೆಳಗಿನ ತಗಡಿಗೆ ತುಕ್ಕು. ಅಲ್ಲೇ ವೈರಿಂಗ್ ಕನೆಕ್ಟರ್‌ಗಳೂ ಇರುತ್ತವೆ, ಅವಕ್ಕೆ ನೀರು ಹೋದರೆ ಡ್ಯಾಶ್‌ಬೋರ್ಡ್‌ನಲ್ಲಿ ಸುಮ್ಸುಮ್ನೆ ಒಂದೊಂದೇ ಲೈಟ್ ಹತ್ತುತ್ತದೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಫ್ಯಾನ್ ಇಟ್ಟು ಒಣಗಿಸಿಕೊಡಿ ಅಂತ ಗ್ಯಾರೇಜಿನವರಿಗೇ ಹೇಳಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್ ಕಡೆಯದು, ಅದಕ್ಕೆ ನೀವು ಕೈ ಹಾಕಬೇಡಿ. ಕಿಟಕಿ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇದ್ದರೆ ಪಿಲ್ಲರ್ ಮೇಲಿನ ಪ್ಲಾಸ್ಟಿಕ್ಕನ್ನೂ ಕೀಳಬೇಡಿ.

ವಾರಂಟಿ ಇನ್ನೂ ಇದ್ದರೆ ಸರ್ವೀಸ್ ಸೆಂಟರ್‌ಗೇ ಹೋಗಿ. ಜಾಬ್ ಕಾರ್ಡ್‌ನಲ್ಲಿ ಸುಮ್ನೆ 'ಸನ್‌ರೂಫ್ ಲೀಕ್' ಅಂತ ಬರೆಸಬೇಡಿ. 'ನಾಲ್ಕೂ ಡ್ರೈನ್‌ಗೆ ನೀರು ಬಿಟ್ಟು ಗಿರಾಕಿಗೆ ತೋರಿಸುವುದು' ಅಂತ ಬರೆಸಿ, ಆ ಟೆಸ್ಟ್ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಅದಾದ ಮೇಲೂ ಅಸೆಂಬ್ಲಿ ಬದಲಿಸಲೇಬೇಕು ಅಂದರೆ, ಯಾವ ಭಾಗ ಎಲ್ಲಿ ಒಡೆದಿದೆ ಅಂತ ಕೇಳಿ ಫೋಟೊ ತೆಗೆಸಿಕೊಳ್ಳಿ.