ಜೀವಶಾಸ್ತ್ರದಲ್ಲಿ ಅಂಕ ಬರುತ್ತಿದೆ ಎಂದ ಮಾತ್ರಕ್ಕೆ ವೈದ್ಯಕೀಯ ಓದಬೇಕೆ?

ದ್ವಿತೀಯ ಪಿಯುಸಿ ಓದುತ್ತಿದ್ದೀರಿ, ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕಗಳು ಬರುತ್ತಿವೆ, ಮನೆಯವರೆಲ್ಲ ಡಾಕ್ಟರಾಗು ಎನ್ನುತ್ತಿದ್ದಾರೆ, ನಿಮಗೆ ಮಾತ್ರ ಮನಸ್ಸು ಗಟ್ಟಿಯಾಗುತ್ತಿಲ್ಲ ಎಂದಿದ್ದೀರಿ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯೆ. ಜೀವಶಾಸ್ತ್ರದ ಅಂಕಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಆ ವಿಷಯದವೇ, ಹಾಗಾಗಿ ಒಳಗೆ ಹೋಗಲು ಅವು ಬೇಕು. ಒಳಗಿನ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಬೆಳಗಿನ ಹೊರರೋಗಿ ವಿಭಾಗದಲ್ಲಿ ನನ್ನ ಮುಂದೆ ಬರುವುದು ಬಹುಪಾಲು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಮಕ್ಕಳ ಕೆಮ್ಮು. ಮಾತ್ರೆ ಯಾಕೆ ಬಿಟ್ಟಿರಿ ಎಂದರೆ, "ಆರಾಮವಾಗಿತ್ತಲ್ಲ ಡಾಕ್ಟ್ರೇ, ಅದಕ್ಕೇ ಬಿಟ್ಟೆ" ಎನ್ನುತ್ತಾರೆ. ಮಾತ್ರೆ ಯಾಕೆ ಬಿಡಬಾರದು ಎಂಬುದನ್ನೇ ಮತ್ತೊಮ್ಮೆ, ದನಿ ಏರಿಸದೆ, ಮುಂದಿನವರಿಗೂ ವಿವರಿಸಬೇಕು. ಇದರ ನಡುವೆ ಅಪಘಾತದ ಪ್ರಕರಣ ಬಂದರೆ ಪೊಲೀಸರಿಗೆ ಮಾಹಿತಿ, ಗಾಯದ ಪ್ರಮಾಣಪತ್ರ, ವರ್ಷಗಳ ನಂತರ ಎಂದೋ ಒಂದು ದಿನ ನ್ಯಾಯಾಲಯದಲ್ಲಿ ಸಾಕ್ಷಿ. ಕೋಚಿಂಗ್ ಕೇಂದ್ರಗಳ ಫಲಕಗಳಲ್ಲಿ ಇದ್ಯಾವುದೂ ಇರುವುದಿಲ್ಲ.

ರಕ್ತ ಕಂಡರೆ ತಲೆ ಸುತ್ತುತ್ತದೆ ಎಂಬ ನಿಮ್ಮ ಭಯ ದೊಡ್ಡದಲ್ಲ. ಶವಚ್ಛೇದನದ ಕೊಠಡಿಯಲ್ಲಿ ಮೊದಲ ದಿನ ಫಾರ್ಮಲಿನ್ ವಾಸನೆಗೆ ಕಣ್ಣೀರು ಸುರಿಸಿದವರೇ ಕೆಲವು ವಾರಗಳಲ್ಲಿ ಅಲ್ಲಿಂದ ನೇರ ಊಟಕ್ಕೆ ಹೋಗುತ್ತಾರೆ. ಸುಲಭವಾಗಿ ಅಭ್ಯಾಸವಾಗದಿರುವುದು ಜನರ ಆತಂಕ, ಅದು ಸಿಟ್ಟಾಗಿ ನಮ್ಮ ಮೇಲೆ ತಿರುಗುವ ರೀತಿ.

ಹೀಗೆ ಮಾಡಿ ನೋಡಿ. ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ತಪಾಸಣೆಗೆ ಕರೆದೊಯ್ಯುವ ಹೊಣೆಯನ್ನು ಕೆಲವು ತಿಂಗಳು ನೀವೇ ಹೊತ್ತುಕೊಳ್ಳಿ. ಚೀಟಿ ಮಾಡಿಸಿ, ಸರದಿಯಲ್ಲಿ ಕುಳಿತು, ಪ್ರಯೋಗಾಲಯದ ವರದಿ ತನ್ನಿ. ಕಾದು ಸುಸ್ತಾಗಿಯೂ ಪಕ್ಕದಲ್ಲಿ ಕುಳಿತ ಅಪರಿಚಿತರ ಕಾಯಿಲೆಯ ಕಥೆ ಕೇಳಬೇಕೆನಿಸಿದರೆ ಅದು ಒಳ್ಳೆಯ ಸೂಚನೆ. ಇವರೆಲ್ಲ ಯಾಕಿಷ್ಟು ಮಾತಾಡುತ್ತಾರೆ ಎನಿಸಿದರೆ ಸಂಶೋಧನೆಯ ಕಡೆಗೆ ನೋಡಿ. ಜೀವಶಾಸ್ತ್ರದ ಮೇಲಿನ ಪ್ರೀತಿಗೆ ಅಲ್ಲಿಯೂ ಬೇಕಾದಷ್ಟು ಜಾಗವಿದೆ.

ಕಾಲದ ಲೆಕ್ಕವೂ ಇರಲಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಎಂ.ಡಿ. ಅಥವಾ ಎಂ.ಎಸ್. ಮಾಡಿದರೆ ಇನ್ನು ಮೂರು ವರ್ಷ, ಹೃದ್ರೋಗದಂಥ ವಿಭಾಗ ಬೇಕಾದರೆ ಮತ್ತೂ ಮೂರು. ನಡುವಿನ ಪ್ರವೇಶ ಪರೀಕ್ಷೆಗಳ ತಯಾರಿಗೆ ಹೋಗುವ ಸಮಯ ಇದರಲ್ಲಿ ಸೇರಿಲ್ಲ. ಎಂಜಿನಿಯರಿಂಗ್ ಓದಿದ ಗೆಳತಿಯರು ಸಂಬಳ ಎಣಿಸುವ ಹೊತ್ತಿಗೆ ನೀವಿನ್ನೂ ಮನೆಗೆ ಫೋನ್ ಮಾಡಿ ಖರ್ಚಿಗೆ ಕೇಳುತ್ತಿರುತ್ತೀರಿ.

ದುಡ್ಡಿನ ಮಾತನ್ನು ಫಲಿತಾಂಶಕ್ಕೆ ಮೊದಲೇ ಆಡಿ ಮುಗಿಸಿ. ಸರ್ಕಾರಿ ಸೀಟಿಗೂ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಸೀಟು ಸಿಕ್ಕ ಸಂಭ್ರಮದಲ್ಲಿ ಅಪ್ಪ ಜಮೀನು ಮಾರಲು ಹೊರಟರೆ ಆಗ ಬೇಡ ಎನ್ನಲು ನಿಮಗೆ ಬಾಯಿ ಬರುವುದಿಲ್ಲ. ವರ್ಷಕ್ಕೆ ಇಷ್ಟೇ ಎಂದು ಒಂದು ಮೊತ್ತವನ್ನು ಈಗಲೇ ಒಪ್ಪಿಕೊಳ್ಳಿ. ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಆಯ್ಕೆಗಳನ್ನು ದಾಖಲಿಸುವಾಗ ಅದನ್ನು ಮೀರುವ ಕಾಲೇಜುಗಳನ್ನು ಪಟ್ಟಿಗೆ ಸೇರಿಸಲೇಬೇಡಿ.