ಲೇಹ್‌ನಿಂದ ರಜೆಗೆ ಬಂದ ಮಗನ ಹೃದಯ

ಪ್ರಶ್ನೆ: ಸೇನೆಯಲ್ಲಿರುವ ನನ್ನ ಮಗ ಎರಡು ವರ್ಷಗಳಿಂದ ಲಡಾಖ್‌ನ ಲೇಹ್‌ನಲ್ಲಿದ್ದು, ಹುತ್ತರಿ ಹಬ್ಬಕ್ಕೆಂದು ರಜೆಯ ಮೇಲೆ ಬಂದಿದ್ದಾನೆ. ಇಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಬಲಭಾಗದ ಗೋಡೆ ತುಸು ದಪ್ಪವಾಗಿದೆ ಎಂದು ಬರೆದುಕೊಟ್ಟಿದ್ದಾರೆ. ನಾವೂ ತಲೆತಲಾಂತರದಿಂದ ಬೆಟ್ಟದ ಮೇಲಿರುವವರೇ, ನಮಗಿಲ್ಲದ್ದು ಅವನಿಗೇಕೆ? ಇದು ಸರಿಹೋಗುತ್ತದೆಯೇ? ಅವನು ಮತ್ತೆ ಅಲ್ಲಿಗೆ ಹೋಗಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಮನೆಗೊಬ್ಬರಂತೆ ಮಕ್ಕಳನ್ನು ಸೇನೆಗೆ ಕಳುಹಿಸುವ ನಮ್ಮ ಕೊಡಗು ಜಿಲ್ಲೆಯಲ್ಲಿ ಈ ಆತಂಕ ನಿಮ್ಮೊಬ್ಬರದೇ ಅಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಎತ್ತರದ ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಕೂಡ 1,748 ಮೀಟರ್ ಮಾತ್ರ. ವೈದ್ಯಶಾಸ್ತ್ರ ಎತ್ತರದ ಪ್ರದೇಶವೆಂದು ಸಾಮಾನ್ಯವಾಗಿ ಪರಿಗಣಿಸುವುದು 2,500 ಮೀಟರಿನಿಂದ ಮೇಲಿನದನ್ನು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಶೇಕಡಾ 21ರಷ್ಟೇ ಇದ್ದರೂ, ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಮೂರರಲ್ಲಿ ಎರಡು ಪಾಲಿಗೆ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ದೇಹಕ್ಕೆ ದಕ್ಕುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ನಮ್ಮ ಬೆಟ್ಟಗಳ ಎತ್ತರ ಹೃದಯದ ಗೋಡೆಯನ್ನು ಬದಲಿಸುವಷ್ಟಿಲ್ಲ.

ಬಲಭಾಗವೇ ಏಕೆ ದಪ್ಪವಾಗುತ್ತದೆ ಎಂಬುದಕ್ಕೆ ಕಾರಣ ಶ್ವಾಸಕೋಶದಲ್ಲಿದೆ. ಶ್ವಾಸಕೋಶದ ಯಾವ ಭಾಗಕ್ಕೆ ಆಮ್ಲಜನಕ ಸಾಲದೋ ಆ ಭಾಗದ ರಕ್ತನಾಳಗಳು ತಾವಾಗಿಯೇ ಕುಗ್ಗಿ, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಕಡೆಗೆ ತಿರುಗಿಸುತ್ತವೆ. ನ್ಯುಮೋನಿಯಾ ಆದಾಗ ಇದು ದೊಡ್ಡ ಉಪಕಾರ. ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಒಂದು ಕಡೆಯ ವಾಲ್ವ್ ಮುಚ್ಚಿದರೆ ಇನ್ನೊಂದು ಕಡೆಗೆ ನೀರು ಚೆನ್ನಾಗಿ ಹೋಗುತ್ತದಲ್ಲವೇ, ಹಾಗೆ. ಆದರೆ ಲೇಹ್‌ನಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕದ ಕೊರತೆ. ಎಲ್ಲ ವಾಲ್ವ್‌ಗಳನ್ನೂ ಅರ್ಧ ಮುಚ್ಚಿದಂತಾಗಿ ಪಂಪಿನ ಮೇಲೆ ಭಾರ ಬೀಳುತ್ತದೆ. ಶ್ವಾಸಕೋಶಕ್ಕೆ ರಕ್ತ ತಳ್ಳುವ ಪಂಪು ಹೃದಯದ ಬಲ ಹೃತ್ಕುಕ್ಷಿ. ಅದರ ಗೋಡೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಮಾತ್ರ ದಪ್ಪವಿದ್ದು, ತಿಂಗಳುಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಎದುರಾಗಿ ದುಡಿದಾಗ ದುಡಿಯುವ ತೋಳಿನಂತೆ ದಪ್ಪವಾಗುತ್ತದೆ.

ಎಡಭಾಗದ ಕಥೆ ಬೇರೆ. ಅದು ರಕ್ತ ತಳ್ಳುವುದು ಶ್ವಾಸಕೋಶಕ್ಕಲ್ಲ, ಇಡೀ ದೇಹಕ್ಕೆ; ಹಾಗಾಗಿ ಈ ಭಾರ ಅದರ ಮೇಲೆ ಬೀಳುವುದಿಲ್ಲ. ಮೊದಲ ದಿನಗಳಲ್ಲಿ ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ವಾರಗಳು ಕಳೆದಂತೆ ಉಸಿರಾಟ ಹೆಚ್ಚಿ, ಕೆಂಪು ರಕ್ತಕಣಗಳೂ ಹೆಚ್ಚಿದ ಮೇಲೆ ಆ ಆತುರ ತಗ್ಗುತ್ತದೆ.

ಸಾವಿರಾರು ವರ್ಷಗಳಿಂದ ಎತ್ತರದಲ್ಲಿರುವ ಟಿಬೆಟನ್ನರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಷ್ಟಾಗಿ ಏರುವುದಿಲ್ಲ. ಅವರ ಇಪಿಎಎಸ್1 ಎಂಬ ಜೀನಿನ ವಿಶೇಷ ರೂಪದಿಂದಾಗಿ ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚಿ ರಕ್ತ ವಿಪರೀತ ಗಟ್ಟಿಯಾಗುವುದೂ ಇಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರಲ್ಲಿ ಹಾಗಲ್ಲ. ಅವರಲ್ಲಿ ಕೆಲವರಿಗೆ ರಕ್ತ ಅತಿಯಾಗಿ ಗಟ್ಟಿಯಾಗಿ ಬರುವ ಕಾಯಿಲೆಯನ್ನು ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲೇ ವಿವರಿಸಿದರು. ಕೊಡಗಿನ ಹುಡುಗನಿಗೆ ಟಿಬೆಟನ್ನರ ಆ ಪಿತ್ರಾರ್ಜಿತವಿಲ್ಲ. ಅವನ ದೇಹ ಎರಡೇ ವರ್ಷದಲ್ಲಿ ತನ್ನ ಕೈಲಾದಷ್ಟು ಹೊಂದಿಕೊಂಡಿದೆ.

ಇನ್ನು ಸರಿಹೋಗುವ ವಿಷಯ. 5,800 ಮೀಟರಿಗೂ ಮೇಲೆ ವಾರಗಟ್ಟಲೆ ಇದ್ದು, ಕಾಲು ಬಾತು, ಬಲ ಹೃದಯ ಹಿಗ್ಗಿದ್ದ ಭಾರತೀಯ ಸೈನಿಕರು ಕೆಳಗಿಳಿದ ಮೇಲೆ ಚೇತರಿಸಿಕೊಂಡದ್ದನ್ನು ವೈದ್ಯರು 1990ರಲ್ಲಿ ವರದಿ ಮಾಡಿದ್ದಾರೆ. ನಿಮ್ಮ ಮಗನಿರುವ ಜಾಗದ ಎತ್ತರ ಅದಕ್ಕಿಂತ ಎಷ್ಟೋ ಕಡಿಮೆ. ಗೋಡೆ ದಪ್ಪವಾದದ್ದು ಎತ್ತರದಿಂದಲೇ ಆಗಿದ್ದರೆ, ತಗ್ಗಿನಲ್ಲಿ ನೆಲೆಸಿದಾಗ ನಿಧಾನವಾಗಿ ಮೊದಲಿನಂತಾಗುವ ನಿರೀಕ್ಷೆ ಇದೆ. ರಜೆಯ ಕೆಲವು ವಾರಗಳಲ್ಲೇ ಪೂರ್ತಿ ಇಳಿಯಬೇಕೆಂದಿಲ್ಲ. ಆದರೆ ಹೃದಯದಲ್ಲಿ ಹುಟ್ಟಿನಿಂದಿರುವ ರಂಧ್ರ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮುಂತಾದವೂ ಇದೇ ಚಿತ್ರ ಕೊಡಬಲ್ಲವು. ಆದ್ದರಿಂದ ವರದಿಯಲ್ಲಿ ಶ್ವಾಸಕೋಶದ ಅಪಧಮನಿಯ ಒತ್ತಡ ಎಷ್ಟೆಂದು ಬರೆದಿದೆ ಎನ್ನುವುದನ್ನು ಹೃದ್ರೋಗ ತಜ್ಞರಿಗೆ ತೋರಿಸಿಯೇ ಮುಂದುವರಿಯಿರಿ.

ಮತ್ತೆ ಹೋಗಬಹುದೇ ಎಂಬುದನ್ನು ಆ ವರದಿ ನೋಡಿದ ಸೇನಾ ವೈದ್ಯರೇ ನಿರ್ಧರಿಸಬೇಕು. ಅವರು ಒಪ್ಪಿದರೂ ನನಗೆ ಹೆಚ್ಚು ಕಳವಳ ಇರುವುದು ಹಿಂತಿರುಗುವ ಮೊದಲ ದಿನಗಳ ಬಗ್ಗೆ. ದೆಹಲಿಯಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಮೂರು ಸಾವಿರ ಮೀಟರಿಗೂ ಹೆಚ್ಚು ಏರಿದಂತಾಗುತ್ತದೆ. ರಜೆ ಮುಗಿಸಿ ಮರಳಿದ ಹಳಬರ ಶ್ವಾಸಕೋಶದಲ್ಲೂ ನೀರು ತುಂಬಿಕೊಳ್ಳಬಹುದು. ಹೊಂದಿಕೊಳ್ಳಲೆಂದು ಸೇನೆ ಕೊಡುವ ದಿನಗಳನ್ನು ‘ನನಗೆ ಅಭ್ಯಾಸವಿದೆ’ ಎಂದು ಅವನು ಮೊಟಕುಗೊಳಿಸಬಾರದು. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಕಂಡರೆ ಆ ಕ್ಷಣವೇ ವೈದ್ಯರ ಬಳಿ ಹೋಗಲಿ. ಎಕೋ ವರದಿಯ ಒಂದು ಪ್ರತಿಯನ್ನು ನೀವೇ ಅವನ ಚೀಲದಲ್ಲಿಟ್ಟು ಕಳುಹಿಸಿ.