ಡಚ್ ಸಮಾಸಪದ: ಕೀಲು ಎಲ್ಲಿ, ಒತ್ತು ಎಲ್ಲಿ?

ಪ್ರಶ್ನೆ: ಡಚ್ ಕಲಿಯುತ್ತಿರುವ ನನಗೆ ‘ಅರ್ಬೈಟ್ಸ್‌ಒನ್‌ಖೆಸ್ಖಿಕ್ಟ್‌ಹೈಟ್ಸ್‌ವರ್ಝೇಕೆರಿಂಗ್’ ಎಂಬ ಪದ ಎದುರಾಯಿತು. ರೋಮನ್ ಲಿಪಿಯಲ್ಲಿ ಅದಕ್ಕೆ 33 ಅಕ್ಷರಗಳು. ಇಂಥ ಪದವನ್ನು ಎಲ್ಲಿ ಬಿಡಿಸಬೇಕು, ಒತ್ತು ಎಲ್ಲಿ ಬೀಳುತ್ತದೆ, ನಡುನಡುವೆ ಬರುವ ‘ಸ್’ ಏಕೆ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಅರ್ಥಕ್ಕಾಗಿ ಪದವನ್ನು ಕೊನೆಯಿಂದ ಹಿಡಿಯಿರಿ. ನಮ್ಮ ತತ್ಪುರುಷ ಸಮಾಸದಂತೆ ಇಲ್ಲಿಯೂ ಉತ್ತರಪದವೇ ಪ್ರಧಾನ. ‘ವರ್ಝೇಕೆರಿಂಗ್’ ಎಂದರೆ ವಿಮೆ, ‘ಅರ್ಬೈಟ್’ ಎಂದರೆ ದುಡಿಮೆ. ನಡುವಿನ ‘ಒನ್‌ಖೆಸ್ಖಿಕ್ಟ್‌ಹೈಟ್’ ಕನ್ನಡದಲ್ಲಿ ಬಳಸುವ ‘ಅನರ್ಹತೆ’ಯ ಕಟ್ಟಡವನ್ನೇ ಹೋಲುತ್ತದೆ: ‘ಒನ್’ ನಮ್ಮ ‘ಅನ್’, ‘ಖೆಸ್ಖಿಕ್ಟ್’ ನಮ್ಮ ‘ಅರ್ಹ’, ‘ಹೈಟ್’ ನಮ್ಮ ‘ತೆ’. ಒಟ್ಟಿನಲ್ಲಿ ಇದು ದುಡಿಯಲಾಗದವರಿಗೆ ಆಸರೆಯಾಗುವ ವಿಮೆ.

ಒತ್ತಿಗಾಗಿ ಮಾತ್ರ ಪದದ ಆರಂಭವನ್ನು ನೋಡಬೇಕು. ಈ ಪದದ ಹತ್ತು ಉಚ್ಚಾರಾಂಶಗಳಲ್ಲಿ ಪ್ರಧಾನ ಒತ್ತು ಮೊದಲನೆಯದಾದ ‘ಅರ್’ ಮೇಲೆ ಬೀಳುತ್ತದೆ. ಉಳಿದ ಘಟಕಗಳು ತಮ್ಮ ಒತ್ತನ್ನು ತುಸು ತಗ್ಗಿಸಿ ಉಳಿಸಿಕೊಳ್ಳುತ್ತವೆ. ಆಸ್ಪತ್ರೆ ಎಂಬರ್ಥದ ‘ಝೀಕೆನ್‌ಹಾಯ್ಸ್’ನಲ್ಲಿಯೂ ಒತ್ತು ‘ಝೀ’ ಮೇಲೆಯೇ ಇದೆ. ಆದರೆ ನಗರಸಭಾ ಭವನ ಎಂಬರ್ಥದ ‘ಸ್ಟಟ್‌ಹಾಯ್ಸ್’ನಲ್ಲಿ ಅದು ಕೊನೆಯ ‘ಹಾಯ್ಸ್’ ಮೇಲಿದೆ. ಇಂಥ ಅಪವಾದಗಳನ್ನು ಕಿವಿಯಿಂದಲೇ ಕಲಿಯಬೇಕು.

ನಿಜವಾದ ತೊಡಕಿರುವುದು ಕೀಲನ್ನು ಗುರುತಿಸುವುದರಲ್ಲಿ. ‘ಕ್ವಾರ್ಟ್ಸ್‌ಲಾಗೆನ್’ ಎಂಬುದನ್ನು ‘ಕ್ವಾರ್ಟ್’ ಮತ್ತು ‘ಸ್ಲಾಗೆನ್’ ಎಂದು ಬಿಡಿಸಿದರೆ ಕಾಲು ಸುತ್ತುಗಳು, ‘ಕ್ವಾರ್ಟ್ಸ್’ ಮತ್ತು ‘ಲಾಗೆನ್’ ಎಂದು ಬಿಡಿಸಿದರೆ ಸ್ಫಟಿಕಶಿಲೆಯ ಪದರಗಳು. ಬರಹವೂ ಒತ್ತೂ ಎರಡರಲ್ಲಿ ಒಂದೇ ಆಗಿರುವುದರಿಂದ ಸಂದರ್ಭವೊಂದೇ ದಾರಿ ತೋರಬಲ್ಲದು. ಮುದ್ರಣದಲ್ಲಿ ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದಾಗಲೂ ಮುರಿತ ಘಟಕಗಳ ಕೀಲನ್ನೇ ಅನುಸರಿಸುತ್ತದೆ.

ನೀವು ಕೇಳಿದ ‘ಸ್’ ಬೆಸುಗೆಯ ಧ್ವನಿ ಮಾತ್ರ. ಅದು ಹಿಂದಿನ ಘಟಕಕ್ಕೆ ಸೇರಿ ‘ಅರ್-ಬೈಟ್ಸ್’ ಎಂದಾಗುತ್ತದೆಯೇ ಹೊರತು ಬಹುವಚನವನ್ನು ಸೂಚಿಸುವುದಿಲ್ಲ. ಹಾಗೆಯೇ ‘ಪನ್ನೆನ್‌ಕೂಕ್’ ಎಂಬ ದೋಸೆಯಂಥ ತಿಂಡಿಯ ಹೆಸರಿನ ನಡುವೆ 1995ರ ಕಾಗುಣಿತ ಪರಿಷ್ಕರಣೆ ‘ನ್’ ಒಂದನ್ನು ಸೇರಿಸಿತಾದರೂ ಬಹಳ ಮಂದಿ ಅದನ್ನು ಉಚ್ಚರಿಸುವುದಿಲ್ಲ. ಬಿಸಿಲು ಎಂಬರ್ಥದ ‘ಝೊನ್ನೆಸ್ಖೈನ್’ನಲ್ಲಿ ಆ ‘ನ್’ ಬರೆಯುವುದೂ ಇಲ್ಲ, ಏಕೆಂದರೆ ಸೂರ್ಯ ಒಬ್ಬನೇ ಎಂಬುದು ಆ ನಿಯಮದ ಆಧಾರ.